ಆಕ್ಸಿಡೆಂಟ್ ಕೇಸಲ್ಲಿ ಅನುಭವಿಸಿದ ನೋವಿಗೆ ಕೋರ್ಟ್ ದುಡ್ಡು ಹೇಗೆ ಲೆಕ್ಕ ಹಾಕ್ತದೆ?

ಮೋಟಾರು ವಾಹನ ಕಾಯ್ದೆ ಸೆಕ್ಷನ್ 166ರ ಕ್ಲೇಮಲ್ಲಿ (ಅಂದ್ರೆ ಆಕ್ಸಿಡೆಂಟ್ ಪರಿಹಾರ ಕೇಳಿ ಹಾಕೋ ಅರ್ಜೀಲಿ) ನೋವಿಗೆ ಅಂತ ಫಿಕ್ಸ್ ರೇಟ್ ಇಲ್ಲ, ಗಾಯ ಎಷ್ಟು ದೊಡ್ಡದು, ಎಷ್ಟು ಆಪರೇಷನ್ ಆಯ್ತು, ಎಷ್ಟು ದಿನ ಹಾಸಿಗೆ ಹಿಡಿದ್ರು, ನೋವು ಮುಂದೂ ಉಳೀತದಾ ಅಂತ ನೋಡಿ, ಇಂಥದೇ ಗಾಯಕ್ಕೆ ಹಿಂದಿನ ತೀರ್ಪಲ್ಲಿ ಎಷ್ಟು ಕೊಟ್ಟಿದ್ರು ಅಂತ ಹೋಲಿಸಿ ಜಡ್ಜ್ ಒಂದು ಮೊತ್ತ ಹಾಕ್ತಾರೆ.

ಮುಖ್ಯ ವಿಷಯ ಏನಂದ್ರೆ ನೋವಿನ ದುಡ್ಡು ಬೇರೆ, ದುಡಿಮೆ ಹೋದದ್ದರ ದುಡ್ಡು ಬೇರೆ. ಕಾರವಾರದಲ್ಲಿ ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರೋ ಒಬ್ಬ ಅಕ್ಕನಿಗೆ ಹೈವೇ 66ರಲ್ಲಿ ಬೈಕ್ ಬಡಿದು ತೊಡೆ ಮೂಳೆ ಮುರೀತು ಅಂತಿಟ್ಕೊಳ್ಳಿ. ಬುಟ್ಟಿ ಹೊರೋಕೆ ಆಗದೆ ಹೋದ ಆದಾಯವನ್ನ ವಯಸ್ಸು, ಸಂಪಾದನೆ ನೋಡಿ ಲೆಕ್ಕ ಮಾಡ್ತಾರೆ, ಆದ್ರೆ ರಾಡ್ ಹಾಕಿದ ಕಾಲು ರಾತ್ರಿಯಿಡೀ ಸಿಡಿದು ನಿದ್ದೆ ಬರದೆ ಇದ್ದದ್ದಕ್ಕೆ ಸಂಪಾದನೆ ಜೊತೆ ಸಂಬಂಧನೇ ಇಲ್ಲ, ಹಾಗಾಗಿ ಮನೇಲೇ ಇರೋ ಅಜ್ಜಿಗೂ ಅದು ಸಿಗಬೇಕು. ನೆಲಕ್ಕೆ ಕೂತು ಊಟ ಮಾಡೋಕಾಗದ ಹಾಗೆ ಬದುಕಿನ ಸುಖ ಹೋದದ್ದಕ್ಕೆ ಇನ್ನೊಂದು ಹೆಡ್ಡು, ಅಂದ್ರೆ ಪರಿಹಾರದ ಬೇರೆ ಬಾಬ್ತು. 2010ರ ರಾಜ್‌ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇವನ್ನೆಲ್ಲ ಬೇರೆಬೇರೆ ಮಾಡಿ ಹೇಳಿದೆ.

ನೋವಿಗೆ ಬಿಲ್ ಇರೋದಿಲ್ಲ, ಅದಕ್ಕೇ ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಕೊಡೋ ಪತ್ರ), ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ದಯವಿಟ್ಟು ಒಂದೂ ಬಿಸಾಡಬೇಡಿ, ಡಾಕ್ಟರ್ ಸಾಕ್ಷಿನೂ ಹಾಕ್ಸಿ. ಕೊಟ್ಟದ್ದು ಕಡಿಮೆ ಅನ್ಸಿದ್ರೆ 90 ದಿನದೊಳಗೆ ಹೈಕೋರ್ಟಿಗೆ ಅಪೀಲು ಹಾಕಬಹುದು, ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಧಾರವಾಡ ಪೀಠ.