ಕಂಪ್ಯೂಟರಿನಲ್ಲಿ ಮಾಡಿದ ಹಲ್ಲಿನ ಸೆಟ್ಟು ಅಲುಗಾಡುವುದಿಲ್ಲವೇ?

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಬಾಯಲ್ಲಿ ಒಂದೂ ಹಲ್ಲಿಲ್ಲ. ಮೇಲಿನ ಸೆಟ್ಟು ಪರವಾಗಿಲ್ಲ, ಕೆಳಗಿನದು ಮಾತ್ರ ರೊಟ್ಟಿ ಅಗಿಯುವಾಗ ಎದ್ದು ಬರುತ್ತದೆ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ ಸೆಟ್ಟು ಅಲುಗಾಡುವುದಿಲ್ಲ ಎನ್ನುತ್ತಾರೆ. ನಿಜವೇ?
— ಓದುಗರೊಬ್ಬರು, ಗದಗ

ಉತ್ತರ: ಪೂರ್ತಿ ನಿಜವಲ್ಲ. ಹಳೆಯ ವಿಧಾನದಲ್ಲಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಹಿಟ್ಟನ್ನು ಅಚ್ಚಿನಲ್ಲಿ ತುಂಬಿ ಬಿಸಿನೀರಿನಲ್ಲಿ ಗಟ್ಟಿ ಮಾಡುತ್ತೇವೆ. ಆಗ ಅದು ತುಸು ಕುಗ್ಗುತ್ತದೆ. ಡಿಜಿಟಲ್ ವಿಧಾನದಲ್ಲಿ ಮೊದಲೇ ಗಟ್ಟಿಯಾದ, ಕುಗ್ಗುವುದೆಲ್ಲ ಮುಗಿದ ಬಿಲ್ಲೆಯಿಂದ ಯಂತ್ರವು ಸೆಟ್ಟನ್ನು ಕೊರೆದು ತೆಗೆಯುತ್ತದೆ. ಅಂಗುಳಕ್ಕೆ ಅದು ಚೆನ್ನಾಗಿ ಅಂಟಿಕೊಳ್ಳುತ್ತದೆ. ಆದರೆ ನಿಮ್ಮ ತಾಯಿಯವರ ತೊಂದರೆ ಇರುವುದು ಕೆಳಗೆ. ಹಲ್ಲು ಹೋದ ಮೇಲೆ ಕೆಳದವಡೆಯ ಮೂಳೆ ವರ್ಷವರ್ಷವೂ ಕರಗುತ್ತದೆ. ಸಾಲದ್ದಕ್ಕೆ ನಾಲಿಗೆ ಬೇರೆ ಸೆಟ್ಟನ್ನು ತಳ್ಳುತ್ತಲೇ ಇರುತ್ತದೆ. ಕೂರಲು ದಿಣ್ಣೆಯೇ ಇಲ್ಲದಿದ್ದರೆ ಕಂಪ್ಯೂಟರ್ ತಾನೇ ಏನು ಮಾಡೀತು?

ನಾನಾದರೆ ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಲೋಹದ ತಿರುಪು) ಹಾಕಿ, ಅವುಗಳ ಮೇಲೆ ಒತ್ತುಗುಂಡಿಯಂತೆ ಕಚ್ಚಿಕೊಳ್ಳುವ ಸೆಟ್ಟನ್ನು ಸೂಚಿಸುತ್ತೇನೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲಿಯೇ ಇದನ್ನು ಮೊದಲ ಆಯ್ಕೆ ಎಂದಿದ್ದರು. ರಾತ್ರಿ ತೆಗೆದು ತೊಳೆಯಬಹುದು. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಹತೋಟಿಗೆ ತನ್ನಿ; ಮೂಳೆ ಸವೆತಕ್ಕೆ ಔಷಧ ನಡೆಯುತ್ತಿದ್ದರೆ ದಂತವೈದ್ಯರಿಗೆ ಮರೆಯದೆ ತಿಳಿಸಿ. ಇಂಪ್ಲಾಂಟನ್ನು ಕಚ್ಚಿ ಹಿಡಿಯುವ, ಸೆಟ್ಟಿನೊಳಗಿನ ನೈಲಾನ್ ಬಿಲ್ಲೆಗಳು ಕಾಲಕ್ರಮೇಣ ಸಡಿಲವಾಗುತ್ತವೆ, ಬದಲಾಯಿಸಬೇಕು. ಈ ಖರ್ಚನ್ನು ಮೊದಲೇ ಕೇಳಿಕೊಳ್ಳಿ.

ಡಿಜಿಟಲ್ ವಿಧಾನದ ದೊಡ್ಡ ಲಾಭ ನನ್ನ ಮಟ್ಟಿಗೆ ಬೇರೆಯೇ: ಅಳತೆಯ ಫೈಲ್ ಲ್ಯಾಬಿನಲ್ಲಿ ಉಳಿದಿರುತ್ತದೆ. ಬಚ್ಚಲಿನಲ್ಲಿ ಕೈಜಾರಿ ಸೆಟ್ಟು ಒಡೆದರೆ, ಬಾಯಿಯ ಅಳತೆ ಬದಲಾಗಿರದಿದ್ದಲ್ಲಿ, ಅಂಥದ್ದೇ ಇನ್ನೊಂದನ್ನು ಮಾಡಿಸಬಹುದು. ಆ ಫೈಲನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆಂದು ವಿಚಾರಿಸಿ.