ಸಂಪಾದಕರ ಉತ್ತರ: ಹಾಡಿಗೆ ಮುಂಚಿನ ಮಾತು

ಚಿನಕುರಳಿಯಲ್ಲಿ ಟೈಲರಿಂಗ್ ಮಾಡೋ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂತ ಕೊನೇಲಿ ಅಡಿಗೆರೆ ಎಳೆದು ಹೇಳಿದ್ದಾರೆ. ಪೂರ್ತಿ ಹಾಕೋಕೆ ಜಾಗ ಸಾಲಲ್ಲ, ಸಾರಾಂಶ ಇಷ್ಟು: "ಬೆಳಗ್ಗೆ ರೇಡಿಯೋದಲ್ಲಿ ಮಾತಾಡ್ತಿದ್ದ ನಮ್ಮ ಎಫ್ಎಂ ಅಣ್ಣ ತೀರ್ಕೊಂಡಾಗ ನಿಮ್ಮ ಪತ್ರಿಕೇಲಿ ನಾಲ್ಕೇ ಸಾಲು ಹಾಕಿದ್ರಿ, ಅದೂ ಸೈಟು ಮಾರೋ ಜಾಹೀರಾತಿನ ಕೆಳಗೆ. ಬಾಂಬೆಯ ರೇಡಿಯೋ ಮಾತುಗಾರ ಅಮೀನ್ ಸಯಾನಿಗೆ ಒಂದು ಪುಟ ಕೊಟ್ಟಿದ್ರಲ್ಲ, ನಮ್ಮೋರು ಅಂದ್ರೆ ಅಷ್ಟೇನಾ? ಅವರೇ ಹಾಡು ಆರಿಸ್ತಿದ್ರಾ? ಅವರ ಮಾತಿನ ರೆಕಾರ್ಡಿಂಗ್ ಎಲ್ಲಾದ್ರೂ ಸಿಗುತ್ತಾ? ಮುಖಾನೇ ನೋಡದೆ ಇರೋ ಮನುಷ್ಯನಿಗೆ ಮಿಷನ್ ನಿಲ್ಲಿಸಿ ಅತ್ತಿದೀನಿ, ಮನೇಲಿ ಎಲ್ಲಾರೂ ನಗ್ತಾರೆ, ನನಗೇನಾದ್ರೂ ಹುಚ್ಚಾ ಸಾರ್?"

ಅಕ್ಕಾ, ನಮಸ್ಕಾರ.

ನಾಲ್ಕು ಸಾಲು ಅಲ್ಲ, ಐದೂವರೆ. ನಿಮ್ಮ ಕಾಗದ ಬಂದ ಮೇಲೆ ಎಣಿಸಿದೆ. ಪುಟ ಎಲ್ಲಾ ರೆಡಿಯಾಗಿ ಪ್ರೆಸ್ಸಿಗೆ ಹೊರಟಿತ್ತು, ಆ ಹೊತ್ತಿಗೆ ಫೋನ್ ಬಂತು, ಸಿಕ್ಕಿದ ಸಂದೀಲಿ ತುರುಕಿದ್ವಿ ಅಂತ ಹೇಳಬಹುದು, ಅದು ನಿಜಾನೂ ಹೌದು. ಆದ್ರೆ ಮುಂದಿನ ತಿಂಗಳು ಬರೀಬಹುದಿತ್ತಲ್ಲ, ಯಾಕೆ ಬರೀಲಿಲ್ಲ ಅಂತ ನೀವು ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ, ಉತ್ತರ ಇಲ್ಲದ್ದಕ್ಕೇ ಈಗ ಇಷ್ಟುದ್ದ ಬರೀತಾ ಕೂತಿದೀನಿ ಅಂದ್ಕೊಳ್ಳಿ. ಹೆಸರು ಮಾತ್ರ ಇಲ್ಲೂ ಹಾಕಲ್ಲ. ಅವರ ಮನೆಯವರು ಹೆಸರೂ ಬೇಡ, ಕಾಯಿಲೆ ವಿಷಯಾನೂ ಬೇಡ ಅಂದಿದ್ದಾರೆ. ನಿಮಗೆ ಯಾರು ಅಂತ ಗೊತ್ತು, ನನಗೂ ಗೊತ್ತು, ಸಾಕು.

ಹಾಡಿನ ಪ್ರಶ್ನೆಗೆ ಉತ್ತರ ಕೇಳಿ ನಿಮಗೆ ಬೇಜಾರಾಗಬಹುದು. ಅವರು ಆರಿಸ್ತಿರಲಿಲ್ಲ ಕಣಕ್ಕ. ಡಿಸ್ಕ್ ಜಾಕಿ ಅಂತ ಹೆಸರೇ ಹೊರತು ಅಲ್ಲಿ ಡಿಸ್ಕೂ ಇಲ್ಲ ಏನೂ ಇಲ್ಲ, ಎಲ್ಲಾ ಕಂಪ್ಯೂಟರಲ್ಲಿ. ಖಾಸಗಿ ಎಫ್ಎಂಗಳಲ್ಲಿ ಹೆಚ್ಚಾಗಿ ಯಾವ ಹಾಡು, ಯಾವುದಾದ ಮೇಲೆ ಯಾವುದು, ದಿನಕ್ಕೆ ಎಷ್ಟು ಸಲ ಅನ್ನೋದನ್ನೆಲ್ಲ ಬೇರೆ ಯಾರೋ ಸಾಫ್ಟ್‌ವೇರಲ್ಲಿ ಕೂರಿಸಿ ಕಳಿಸಿರ್ತಾರೆ, ಮೈಕ್ ಮುಂದೆ ಇರೋರಿಗೆ ಸಿಗೋದು ಎರಡು ಹಾಡಿನ ಮಧ್ಯದ ಸಂದು ಅಷ್ಟೇ. ನಾನು ಒಂದೇ ಒಂದು ಸಲ ಅವರ ಸ್ಟುಡಿಯೋಗೆ ಹೋಗಿದ್ದೆ, ಸಂದರ್ಶನ ಮಾಡ್ತೀನಿ ಅಂತ. (ಆ ಸಂದರ್ಶನ ಬರೀಲೇ ಇಲ್ಲ, ಅದು ಇನ್ನೊಂದು ತಪ್ಪು. ನೀವು ಅದನ್ನ ಕೇಳಿಲ್ಲ, ನಾನೇ ಹೇಳ್ತಿದೀನಿ.) ಬಚ್ಚಲುಮನೆಗಿಂತ ಸ್ವಲ್ಪ ದೊಡ್ಡ ರೂಮು, ಗೋಡೆಗೆಲ್ಲ ಸ್ಪಂಜು, ಬಾಗಿಲ ಮೇಲೆ ಕೆಂಪು ಲೈಟು. ಮನುಷ್ಯ ಕುರ್ಚಿ ಇದ್ರೂ ನಿಂತ್ಕೊಂಡೇ ಮಾತಾಡ್ತಿದ್ದ, ಹೆಡ್‌ಫೋನ್ ಒಂದು ಕಿವಿಗೆ ಮಾತ್ರ, ಪಕ್ಕದಲ್ಲಿ ಫ್ಲಾಸ್ಕ್ ತುಂಬ ಬಿಸಿನೀರು. ನಗ್ತಾ ಮಾತಾಡಿದ್ರೆ ಆ ನಗು ದನೀಲಿ ಕೇಳ್ಸುತ್ತೆ ಅಂತ ಹೇಳಿ, ನಗದೆ ಒಂದು ಸಲ ನಕ್ಕು ಒಂದು ಸಲ ಅದೇ ಸಾಲನ್ನ ಹೇಳಿ ತೋರಿಸಿದ್ರು. ಹೌದು, ಕೇಳ್ಸುತ್ತೆ.

ಇನ್ನೊಂದು ಕಸುಬು ನೋಡ್ದೆ ಅಲ್ಲಿ. ಹಾಡು ಶುರುವಾದ ಮೇಲೆ ಹಾಡೋರ ದನಿ ಬರೋಕೆ ಮುಂಚೆ ಬರೀ ಮ್ಯೂಸಿಕ್ ಇರುತ್ತಲ್ಲ, ಹತ್ತು ಸೆಕೆಂಡೋ ಹದಿನೈದೋ, ಅದರ ಮೇಲೆ ಇವರು ಮಾತಾಡ್ತಾ ಹೋಗ್ತಾರೆ, ಕೈ ಒಂದು ಚಿಕ್ಕ ಗುಂಡಿ ಮೇಲೆ, ಮ್ಯೂಸಿಕ್ಕನ್ನ ತಗ್ಗಿಸೋದು ಏರಿಸೋದು, ಆಮೇಲೆ ಹಾಡೋರು ಬಾಯಿ ತೆಗೆಯೋದಕ್ಕೂ ಇವರು ಬಾಯಿ ಮುಚ್ಚೋದಕ್ಕೂ ಸರಿಹೋಗ್ಬೇಕು. ಗಡಿಯಾರ ನೋಡ್ತಿರಲಿಲ್ಲ. ಬಸ್ಸು ಹೊರಟ ಮೇಲೆ ಕಂಡಕ್ಟರ್ ಓಡಿ ಬಂದು ಫುಟ್‌ಬೋರ್ಡಿಗೆ ನೆಗೀತಾನಲ್ಲ, ಹಂಗೆ. ಹತ್ತು ಸಲದಲ್ಲಿ ಒಂದು ಸಲಾನೂ ತಪ್ಪಲಿಲ್ಲ. ಈ ವಿಷಯ ನೆನಪಲ್ಲಿಟ್ಕೊಳ್ಳಿ, ರೆಕಾರ್ಡಿಂಗ್ ಮಾತು ಬಂದಾಗ ಬೇಕಾಗುತ್ತೆ.

ಹಾಡು ಅವರದ್ದಲ್ಲ, ಅವರದ್ದಾಗಿದ್ದು ಊರಿನ ಹೆಸರು. ನಿಮ್ಮ ಕಾಗದದ ಮೂರನೇ ಪುಟದಲ್ಲಿ ನೀವೇ ಬರೆದಿದೀರಲ್ಲ, ಮೊದಲನೇ ಸಲ ಫೋನ್ ಸಿಕ್ಕಾಗ ಹೆದರ್ಕೊಂಡು "ಮೈಸೂರಿಂದ ಸಾರ್" ಅಂದುಬಿಟ್ರಿ, ಅವರು ಬಿಡದೆ "ಮೈಸೂರಲ್ಲಿ ಎಲ್ಲಿ?" ಅಂತ ಕೇಳಿ ಕೇಳಿ ಕೊನೆಗೆ ಚಿನಕುರಳಿ ಅಂತ ಬಾಯಿ ಬಿಡಿಸಿದ್ರು ಅಂತ. ಎಲ್ಲರಿಗೂ ಹಿಂಗೇ ಮಾಡ್ತಿದ್ರು. ಹೊಸಹೊಳಲು ಅಂದ್ರೆ ಲಕ್ಷ್ಮೀನಾರಾಯಣ ದೇವಸ್ಥಾನದ ಬೀದೀನಾ ಆಚೆಕಡೇನಾ ಅನ್ನೋರು, ತೊಣ್ಣೂರು ಅಂದ್ರೆ ಕೆರೆ ಹೆಂಗಿದೆ ಅನ್ನೋರು, ಬನ್ನೂರು ಅಂದ್ರೆ ಕುರಿ ವಿಚಾರ ಬರದೆ ಮಾತೇ ಮುಗೀತಿರಲಿಲ್ಲ. ಎಚ್.ಡಿ. ಕೋಟೆ ಅಂತ ಒಂದು ದಿನಾನೂ ಅಂದಿಲ್ಲ, ಹೆಗ್ಗಡದೇವನಕೋಟೆ ಅಂತ ಪೂರ್ತಿ ಅನ್ನೋರು, ಬಿಂಡಿಗನವಿಲೇನ ನಾಲಿಗೆ ತೊಡರಿಸ್ಕೊಳ್ಳದೆ ಹೇಳೋರು. ಮೈಸೂರೊಳಗೂ ಅಷ್ಟೇ, ಬೋರ್ಡಲ್ಲಿ ವಿನಾಯಕನಗರ ಅಂತ ಇದ್ರೂ ಅವರ ಬಾಯಲ್ಲಿ ಪಡುವಾರಹಳ್ಳೀನೇ. ಮೇಜಿನ ಮೇಲೆ ಒಂದು ಲಾಂಗ್‌ಬುಕ್ ಇತ್ತು, ಅದರ ತುಂಬ ಊರಿನ ಹೆಸರು, ಎಲ್ಲಿ ಒತ್ತು ಎಲ್ಲಿ ದೀರ್ಘ ಅಂತ ಪೆನ್ಸಿಲಲ್ಲಿ ಗುರುತು. ಬೆಂಗಳೂರಿಂದ ಬಂದ ಜಾಹೀರಾತಲ್ಲಿ ಯಾರೋ ನಮ್ಮ ಕಡೆ ಊರಿನ ಹೆಸರನ್ನ ಕೊಂದುಹಾಕಿದ್ರೆ, ಜಾಹೀರಾತು ಮುಗಿದ ತಕ್ಷಣ ಇವರು ಏನೂ ಗೊತ್ತಿಲ್ಲದೋರ ಹಂಗೆ ಅದೇ ಹೆಸರನ್ನ ಸರಿಯಾಗಿ ಒಂದು ಸಲ ಹೇಳೋರು, ಯಾಕೆ ಹೇಳಿದ್ರು ಅಂತ ಆ ಊರಿನೋರಿಗೆ ಮಾತ್ರ ಗೊತ್ತಾಗೋದು.

ಆಮೇಲೆ ಕನ್ನಂಬಾಡಿ ಕಟ್ಟೆ ನೀರು. ಖಾಸಗಿ ಎಫ್ಎಂನೋರು ತಮ್ಮದೇ ಸುದ್ದಿ ಓದೋ ಹಾಗಿಲ್ಲ, ಅದು ಸರ್ಕಾರದ ರೂಲು, ಟ್ರಾಫಿಕ್ಕು ಮಳೆ ಕರೆಂಟು ನೀರು ಅಂತ ಹೇಳ್ಕೋಬಹುದು ಅಷ್ಟೇ. ಈ ಮನುಷ್ಯ ಮಳೆಗಾಲ ಪೂರ್ತಿ ದಿನಾ ಬೆಳಗ್ಗೆ ಕೆಆರ್‌ಎಸ್ ಎಷ್ಟು ಅಡಿ ಅಂತ ಹೇಳದೆ ಶುರುಮಾಡ್ತಿರಲಿಲ್ಲ. ಸುದ್ದಿ ಓದೋ ದನೀಲಿ ಅಲ್ಲ, ಪಕ್ಕದ ಮನೆ ಹಸು ಕರು ಹಾಕ್ತಂತೆ ಅನ್ನೋ ದನೀಲಿ. 124.80 ಅಡಿ ಮುಟ್ಟಿದ ದಿನ ಒಂದು ಸಲ ಸುಮ್ನೆ ಉಸಿರು ಬಿಟ್ಟು "ತುಂಬ್ತಮ್ಮಾ" ಅಂದ್ರು ನೋಡಿ, ನಮ್ಮ ಆಫೀಸಲ್ಲಿ ಗದ್ದೆ ಇಲ್ಲದೋರೂ ಎದ್ದು ನಿಂತಿದ್ವಿ.

ಹುಚ್ಚಾ ಅಂತ ಕೇಳಿದೀರ. ಅಕ್ಕ, ನಮ್ಮೂರಲ್ಲಿ ರೇಡಿಯೋ ಹುಟ್ಟಿದ್ದು ಯಾರ ಮನೇಲಿ ಗೊತ್ತಾ, ಒಂಟಿಕೊಪ್ಪಲಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋರ ವಿಠ್ಠಲ ವಿಹಾರ ಅನ್ನೋ ಮನೇಲಿ, 1935ರಲ್ಲಿ, 30 ವ್ಯಾಟಿನ ಟ್ರಾನ್ಸ್‌ಮಿಟರಲ್ಲಿ. ನಮ್ಮ ಹಳೇ ಟ್ಯೂಬ್‌ಲೈಟೇ ಅದಕ್ಕಿಂತ ಜಾಸ್ತಿ ತಿನ್ನುತ್ತೆ. ದೇಶಕ್ಕೆಲ್ಲ ಆಮೇಲೆ ಹೋದ ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದಲೇ ಬಂದಿದ್ದು ಅಂತ ನಾವು ಮೈಸೂರಿನೋರು ಮೀಸೆ ತಿರುವ್ತೀವಿ, ತಿರುವ್ಬೇಕಾದ್ದೇ, ಆದ್ರೆ ನನಗೆ ಅದಕ್ಕಿಂತ ಹೆಚ್ಚು ಇಷ್ಟ ಆಗೋ ವಿಷಯ ಏನಂದ್ರೆ ಆ ಗೋಪಾಲಸ್ವಾಮಿ ಇಂಜಿನಿಯರ್ ಅಲ್ಲ, ಮಹಾರಾಜ ಕಾಲೇಜಲ್ಲಿ ಸೈಕಾಲಜಿ ಮೇಷ್ಟ್ರು. ಕಾಣದ ದನಿ ಮನಸ್ಸಿನೊಳಗೆ ಏನು ಮಾಡುತ್ತೆ ಅನ್ನೋದು ಆ ಮೇಷ್ಟ್ರಿಗೆ ಗೊತ್ತಿರದೆ ಇರುತ್ತಾ. ನಿಮ್ಮ ಮನೆಯವರು ಮತ್ತೆ ನಕ್ಕರೆ ಇದನ್ನ ಹೇಳಿ. ಅದೂ ಅಲ್ದೆ ಈ ಮನುಷ್ಯ ಮೈಕಲ್ಲಿ "ನೀವೆಲ್ಲಾ", "ಕೇಳುಗರೇ" ಅಂತ ಯಾವತ್ತೂ ಅಂದೋರಲ್ಲ, "ನೀವು" ಅಂತ ಒಬ್ಬರಿಗೇ ಹೇಳೋ ಹಂಗೆ ಹೇಳೋರು. ನೀವು ಹೊಲಿಗೆ ಮಿಷನ್ ಪಕ್ಕದ ಕಿಟಕಿ ಸರಳಿಗೆ ಇಯರ್‌ಫೋನ್ ವೈರ್ ಸುತ್ತಿ ಮೊಬೈಲಲ್ಲಿ ಕೇಳ್ತಿದ್ದೆ ಅಂತ ಬರೆದಿದೀರ, ಮೊಬೈಲಿಗೆ ಆ ವೈರೇ ಆಂಟೆನಾ, ಅದು ಚುಚ್ಚದೆ ಇದ್ರೆ ಎಫ್ಎಂ ಬರ್ತಾನೇ ಇರಲಿಲ್ಲ, ಮೈಸೂರಿಂದ ಅಷ್ಟು ದೂರಕ್ಕೆ ಗೊರಗೊರ ಅಂತ ಅರ್ಧಂಬರ್ಧ ಬರ್ತಿದ್ದ ದನೀನ ವರ್ಷಗಟ್ಟಲೆ ಕಿಟಕಿಗೆ ಕಟ್ಟಿ ಹಿಡ್ಕೊಂಡಿದ್ದೋರು ನೀವು. ಅಳದೆ ಇನ್ನೇನು ಮಾಡ್ತೀರ.

ಅಪ್ಪು ಹೋದ ಮಾರನೇ ದಿನ ನೆನಪಿದೆಯಾ, 2021ರ ಅಕ್ಟೋಬರ್ 30, ಶನಿವಾರ. ಕೆಂಪು ಲೈಟ್ ಹತ್ತಿದ ಮೇಲೆ ರೇಡಿಯೋದೋರು ಸುಮ್ಮನಿರೋ ಹಾಗಿಲ್ಲ, ಮೂರು ಸೆಕೆಂಡ್ ಸದ್ದಿಲ್ಲ ಅಂದ್ರೆ ಕೇಳೋರು ಸ್ಟೇಷನ್ ಬದಲಾಯಿಸ್ತಾರೆ ಅಂತ ಭಯ. ಅವತ್ತು ಇವರು ನಮಸ್ಕಾರ ಅಂದ್ರು, ಆಮೇಲೆ ಏನೂ ಇಲ್ಲ. ನಾನು ಆಟೋದಲ್ಲಿದ್ದೆ. ಡ್ರೈವರ್ ಸೆಟ್ ಕೆಟ್ಟುಹೋಯ್ತೇನೋ ಅಂತ ಕೈ ಮುಂದೆ ಮಾಡಿ, ತಿರುಗಾ ಕೈ ಹಿಂದಕ್ಕೆ ತಗೊಂಡ.

ಇನ್ನು ರೆಕಾರ್ಡಿಂಗ್.

ಅಮೀನ್ ಸಯಾನಿ ಮಾತು ತಂದಿದೀರ, ಆ ಚುಚ್ಚು ಸರಿಯಾಗೇ ತಾಗ್ತು, ಆದ್ರೆ ಅದರಲ್ಲೇ ಉತ್ತರಾನೂ ಇದೆ. 2024ರ ಫೆಬ್ರವರೀಲಿ 91 ವರ್ಷಕ್ಕೆ ಅವರು ಹೋದಾಗ ನಾವು ಪುಟ ತುಂಬಿಸೋಕೆ ಆಗಿದ್ದು ಅವರ ದನಿ ಉಳಿದಿತ್ತು ಅಂತ. 1952ರಲ್ಲಿ ಶುರುವಾದ ಅವರ ಹಿಂದಿ ಹಾಡಿನ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಸಿಲೋನ್ ರೇಡಿಯೋದಲ್ಲಿ ಬರ್ತಿತ್ತು, ಅಂದ್ರೆ ಅವರು ಬಾಂಬೇಲಿ ಮಾತಾಡಿ ಟೇಪಲ್ಲಿ ಹಿಡಿದು ಕೊಲಂಬೋಗೆ ಕಳಿಸ್ಬೇಕಿತ್ತು. ದೂರ ಇತ್ತಲ್ಲ, ಹಂಗಾಗಿ ದನಿ ಒಂದು ವಸ್ತು ಆಯ್ತು, ಆಮೇಲೆ ಕ್ಯಾಸೆಟ್ ಆಗಿ ಮಾರಾಟಾನೂ ಆಯ್ತು. ನಮ್ಮೋರದ್ದು ಲೈವು. ಬಾಯಿಂದ ನೇರ ಗಾಳಿಗೆ, ಗಾಳಿಯಿಂದ ನಿಮ್ಮ ಕಿಟಕಿಗೆ. ಪ್ರಸಾರ ಆಗಿದ್ದನ್ನ ಮೂರು ತಿಂಗಳು ಇಟ್ಕೊಂಡಿರ್ಬೇಕು ಅಂತ ಖಾಸಗಿ ಎಫ್ಎಂಗಳ ಲೈಸೆನ್ಸಲ್ಲಿ ಷರತ್ತಿದೆ, ಯಾರಾದ್ರೂ ದೂರು ಕೊಟ್ರೆ ನೋಡೋಕೆ ಅಂತ, ಅಷ್ಟು ಮುಗಿದ ಮೇಲೆ ಇಡ್ಲೇಬೇಕು ಅಂತ ಯಾರೂ ಹೇಳಿಲ್ಲ. ಯಾರಾದ್ರೂ ಬೈದು ದೂರು ಕೊಟ್ಟಿದ್ರೆ ಮೂರು ತಿಂಗಳಾದ ಮೇಲೂ ಉಳೀತಿದ್ರೇನೋ, ಯಾರೂ ಬೈಲಿಲ್ಲ.

ಹಂಗಾದ್ರೆ ಕೇಳೋರು ಹಿಡಿದಿಟ್ಟಿರ್ಬೇಕಲ್ಲ? ಇಲ್ಲೇ ಹೊಟ್ಟೆ ಉರಿಯೋದು. 2005ರಲ್ಲಿ ಎಫ್ಎಂದು ಎರಡನೇ ಹಂತದ ನೀತಿ ಬಂದು, ಅದಾದ ಮೇಲೆ ಮೈಸೂರಿನಂಥ ಊರಿಗೂ ಖಾಸಗಿ ಸ್ಟೇಷನ್ ಬಂದಾಗ ನಮ್ಮ ಮನೇಲಿನ್ನೂ ಟೂ-ಇನ್-ಒನ್ ಇತ್ತು, ಖಾಲಿ ಕ್ಯಾಸೆಟ್ ಹಾಕಿ ರೇಡಿಯೋದಿಂದ ಹಾಡು ಹಿಡಿಯೋ ಹಳೇ ಚಟ ನನಗೆ ಹೋಗಿರಲಿಲ್ಲ. ನಿಮಗೂ ಗೊತ್ತಿರುತ್ತೆ, ರೆಕಾರ್ಡ್ ಗುಂಡಿ ಪ್ಲೇ ಗುಂಡಿ ಎರಡೂ ಒಟ್ಟಿಗೆ ಒತ್ತಿ, ಟೇಪ್ ತಡೆಯೋ ಪಾಸ್ ಗುಂಡಿ ಮೇಲೆ ಬೆರಳಿಟ್ಕೊಂಡು, ಹಾಡು ಶುರುವಾಗೋದನ್ನೇ ಕಾಯೋದು. ಇವರು ಮಾತಾಡೋಕೆ ಶುರು ಮಾಡಿದ್ರೆ ಪಾಸ್ ಒತ್ತೋದು. "ಅಯ್ಯೋ ಸಾಕು ಬಿಡಪ್ಪ ಮಾರಾಯ, ಹಾಡು ಕೆಡಿಸ್ಬೇಡ" ಅಂತ ನಾನೇ ಎಷ್ಟು ಸಲ ಆ ಡಬ್ಬಕ್ಕೆ ಬೈದಿದೀನಿ. ಆಮೇಲೆ ಚೈನಾ ಮೊಬೈಲ್ ಸೆಟ್ ಬಂದ್ವಲ್ಲ, ಎಫ್ಎಂ ರೆಕಾರ್ಡಿಂಗ್ ಇರೋವು, ಹುಡುಗ್ರು ಅದರಲ್ಲೂ ಹಿಡಿದ್ರು, ಅವರೂ ಮಾತು ಕತ್ತರಿಸಿ ಹಾಡು ಇಟ್ಕೊಂಡ್ರು. ಹಾಡು ಎಲ್ಲೂ ಹೋಗಲ್ಲ ಅಕ್ಕ, ಈಗ ಫೋನಲ್ಲಿ ಹೆಸರು ಹೇಳಿದ್ರೆ ಬರುತ್ತೆ. ಹೋಗೋದನ್ನ ಕತ್ತರಿಸಿ ಎಸೆದು ಹೋಗದೆ ಇರೋದನ್ನ ಜೋಪಾನ ಮಾಡಿದ್ವಿ ನಾವೆಲ್ಲಾ ಸೇರಿ.

ನಿಮ್ಮ ಕಾಗದ ಬಂದ ವಾರ ಅಟ್ಟ ಹತ್ತಿದೆ. ಒಂದು ಬಿಸ್ಕೆಟ್ ಡಬ್ಬದ ತುಂಬ ಕ್ಯಾಸೆಟ್ಟು, ಅರ್ಧಕ್ಕರ್ಧ ಬೂಷ್ಟು ಹಿಡಿದಿದ್ವು. ಪ್ಲೇಯರ್ ನಮ್ಮನೇಲಿ ಸತ್ತು ಎಷ್ಟೋ ಕಾಲ ಆಗಿತ್ತು, ದೇವರಾಜ ಅರಸ್ ರೋಡಿನ ಹಿಂದಿನ ಗಲ್ಲೀಲಿ ಹಳೇ ಸೆಟ್ ರಿಪೇರಿ ಮಾಡೋ ಒಬ್ಬರು ಎರಡು ದಿನಕ್ಕೆ ಒಂದನ್ನ ಕೊಟ್ರು, ದುಡ್ಡು ತಗೊಳ್ಲಿಲ್ಲ, ಯಾರ ದನಿ ಹುಡುಕ್ತಿದೀನಿ ಅಂತ ಹೇಳಿದ್ದಕ್ಕೆ. ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಒಂಬತ್ತು ಕ್ಯಾಸೆಟ್ ಕೇಳ್ದೆ. ಎಲ್ಲಾದರಲ್ಲೂ ನಾನು ಜಾಣ, ಕರೆಕ್ಟಾಗಿ ಪಾಸ್ ಒತ್ತಿದೀನಿ. ಅಲ್ಲಲ್ಲಿ ಒಂದು "ರೀ", ಒಂದು "ಕೇಳ್ತಾ", ಒಂದು ನಗುವಿನ ಬಾಲ, ಅಷ್ಟೇ.

ಒಂದರಲ್ಲಿ ಮಾತ್ರ, ಅವತ್ತು ಯಾರು ಬಾಗಿಲು ತಟ್ಟಿದ್ರೋ ಕುಕ್ಕರ್ ಕೂಗಿತ್ತೋ ಗೊತ್ತಿಲ್ಲ, ಬೆರಳು ತಡವಾಗಿದೆ. ಹಾಡಿನ ಮುಂಚಿನ ಮ್ಯೂಸಿಕ್ಕು, ಅದರ ಮೇಲೆ ಹನ್ನೊಂದು ಸೆಕೆಂಡು ಅವರು. ಹೇಳ್ತಿರೋದು ಇಷ್ಟು: "...ಕಟ್ಟೆ ನೂರಾ ಹದಿನೆಂಟು ಅಡಿ, ಇನ್ನೂ ಬರ್ತಾ ಇದೆ, ಕೊಡಗಲ್ಲಿ ಜೋರಂತೆ, ಕಿಕ್ಕೇರಿಯೋರೇ ನಿಮ್ಮ ಕಡೆ ಮೋಡ ಕಾಣ್ತಾ ಇದೆ ನನಗೆ ಇಲ್ಲಿಂದ, ನೀವು ಹೊರಗೆ ಹೋಗೋದಾದ್ರೆ ಛತ್ರಿ ತಗೊ" ಅಲ್ಲಿಗೆ ನನ್ನ ಪಾಸು.

ಅದನ್ನ ಫೋನಿಗೆ ಹಾಕಿಸಿಟ್ಟಿದೀನಿ. ಕಾಗದದಲ್ಲಿ ನಿಮ್ಮ ನಂಬರ್ ಇಲ್ಲ, ಆಫೀಸಿಗೆ ಒಂದು ಮಿಸ್ಡ್ ಕಾಲ್ ಕೊಡಿ, ವಾಟ್ಸಾಪಲ್ಲಿ ಕಳಿಸ್ತೀವಿ. ಬೇರೆ ಯಾರ ಮನೇಲಾದ್ರೂ ಹಳೇ ಕ್ಯಾಸೆಟ್ಟೋ ಮೆಮೊರಿ ಕಾರ್ಡೋ ಇದ್ರೆ ದಯವಿಟ್ಟು ಒಂದು ಸಲ ಹಾಕಿ ನೋಡಿ. ಹಾಡು ಬಿಡಿ, ಹಾಡು ಶುರುವಾಗೋ ಮುಂಚೆ ಏನಾದ್ರೂ ಸಿಕ್ಕಿಹಾಕ್ಕೊಂಡಿದ್ಯಾ ಅಂತ ಕೇಳಿ.

— ಸಂ.