ಓದುಗರ ಪ್ರಶ್ನೆ: ಘಾಟಿ ಬಂದ್ ಆದ ರಾತ್ರಿಗೆ ಲಾರಿಯಲ್ಲಿ ಎಂತೆಲ್ಲ ಇರ್ಬೇಕು?

ಪ್ರಶ್ನೆ: ನನ್ನ ಗಂಡ ಬೈಕಂಪಾಡಿಯಿಂದ ಹಾಸನಕ್ಕೆ ಲೋಡ್ ಹೊಡೀತಾರೆ. ನಸುಕಿಗೆ ಹೊರಟ್ರೆ ರಾತ್ರಿ ಊಟಕ್ಕೆ ಮನೆಗೆ ಬರುವ ಲೈನ್ ಅಂತ ಒಂದು ಬೈರಾಸ್ (ಟವೆಲ್), ಮೊಬೈಲ್ ಬಿಟ್ರೆ ಬೇರೆ ಎಂತದೂ ತಗೊಂಡು ಹೋಗುದಿಲ್ಲ. ಕಳೆದ ಮಳೆಗಾಲ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಎರಡು ರಾತ್ರಿ ಅಲ್ಲೇ ಬಾಕಿ. ಅವರಿಗೆ ಶುಗರ್ ಉಂಟು, ಮಾತ್ರೆ ಮನೆಯಲ್ಲಿ, ಫೋನ್ ಸ್ವಿಚ್ ಆಫ್. ಈ ಸಲ ಎಂತ ಕೊಟ್ಟು ಕಳಿಸ್ಬೇಕು?
– ಓದುಗಿ, ಮೂಲ್ಕಿ

ಉತ್ತರ: ಅಕ್ಕ, ದಿನಾ ಬೆಳಿಗ್ಗೆ ಕೊಟ್ಟು ಕಳಿಸುದು ಬೇಡ. ಹಾಗೆ ಕೊಡುವ ಚೀಲ ಒಂದಲ್ಲ ಒಂದು ದಿನ ಗಡಿಬಿಡಿಯಲ್ಲಿ ಮನೆಯಲ್ಲೇ ಉಳೀತದೆ. ಜಾಕ್, ಸ್ಟೆಪ್ನಿ ಹೇಗೆ ಲಾರಿಯಲ್ಲೇ ಇರ್ತದೋ ಹಾಗೆ ಈ ಸಾಮಾನೂ ಲಾರಿಯದ್ದೇ ಆಗಿರ್ಬೇಕು. ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿ ಒಂದು ಸೀಟಿನ ಹಿಂದೆ ಇಡಿಸಿ, ಮಳೆಗಾಲ ಮುಗಿಯುವ ತನಕ ಇಳಿಸ್ಲೇಬಾರದು, ಖಾಲಿ ಆದದ್ದನ್ನು ತುಂಬಿಸುದು ಮಾತ್ರ ಮನೆ ಕೆಲಸ.

ಮೊದಲು ಶುಗರ್ ವಿಷಯ. ನಾಲ್ಕೈದು ದಿನಕ್ಕಾಗುವ ಮಾತ್ರೆ ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿಯ ಜೆರಾಕ್ಸ್ ಜೊತೆ ಜಿಪ್ ಕವರಿಗೆ ಹಾಕಿ, ಡೇಟ್ ನೋಡಿ ಆಗಾಗ ಬದಲಾಯಿಸಿ. ಇನ್ಸುಲಿನ್ ತಗೊಳ್ಳುವವರಾದ್ರೆ ಡ್ಯಾಶ್‌ಬೋರ್ಡ್ ಮೇಲೆ, ಇಂಜಿನ್ ಬಿಸಿ ತಾಗುವಲ್ಲಿ ಇಡ್ಲೇಬಾರದು. ಬ್ಲಾಕಲ್ಲಿ ಸಿಕ್ಕಿಬಿದ್ದವರಿಗೆ ಶುಗರ್ ಏರುದಕ್ಕಿಂತ ಒಮ್ಮೆಲೆ ಇಳಿಯುದು ಜಾಸ್ತಿ ಅಪಾಯ, ಕೆಲವು ಮಾತ್ರೆ ತಗೊಂಡು ಊಟ ಸಿಗದೆ ಹೋದ್ರೆ ಕೈ ನಡುಗ್ತದೆ, ಬೆವರ್ತದೆ, ತಲೆ ಓಡುದಿಲ್ಲ, ಆಗ ಕೂಡ್ಲೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಲಿ, ಪೂರ್ತಿ ಸರಿ ಆಗುವ ತನಕ ಸ್ಟೇರಿಂಗ್ ಮುಟ್ಟುದು ಬೇಡ. ಅದಕ್ಕೇ ಡಬ್ಬಿಯಲ್ಲಿ ಸಣ್ಣ ಕಟ್ಟು ಸಕ್ಕರೆ ಇರ್ಲಿ. ಊಟ ತಪ್ಪಿದ ದಿನ ಯಾವ ಮಾತ್ರೆ ಬಿಡ್ಬೇಕು ಅಂತ ಡಾಕ್ಟರ ಹತ್ರ ಈಗಲೇ ಕೇಳಿ ಚೀಟಿಯಲ್ಲೇ ಬರೆಸಿಕೊಳ್ಳಿ, ಘಾಟಿ ಬುಡದ ಗುಂಡ್ಯದಲ್ಲಿ ನಿಂತು ಫೋನ್ ಮಾಡ್ಲಿಕ್ಕೆ ಹೋದ್ರೆ ನೆಟ್‌ವರ್ಕ್ ಸಿಗ್ತದೆ ಅಂತ ಗ್ಯಾರಂಟಿ ಇಲ್ಲ.

ತಿನ್ನಲಿಕ್ಕೆ ಅವಲಕ್ಕಿಯಷ್ಟು ಒಳ್ಳೆದು ಬೇರೆ ಇಲ್ಲ, ಒಲೆ ಬೇಡ, ನೀರು ಚಿಮುಕಿಸಿ ಉಪ್ಪಿನಕಾಯಿ ನಂಚಿಕೊಂಡ್ರೆ ಆಯ್ತು. ಹುರಿದ ನೆಲಗಡಲೆ ಜೊತೆಗಿರ್ಲಿ. ದಾರಿಯಲ್ಲಿ ಹೋಟೆಲ್ ಉಂಟಲ್ಲ ಅಂತ ಅವರು ಹೇಳ್ಬಹುದು, ಆದ್ರೆ ಗಾಡಿ ಸಾಲು ಬೆಳೆದ ಮೇಲೆ ಸಣ್ಣ ಹೋಟೆಲಲ್ಲಿ ಎಷ್ಟು ಜನಕ್ಕೆ ಅನ್ನ ಬಡಿಸ್ತಾರೆ ಹೇಳಿ. ಕುಡಿಯುವ ನೀರು ಐದು ಲೀಟರ್ ಕ್ಯಾನ್, ಹೊರಗೆ ಎಷ್ಟೇ ಮಳೆ ಸುರಿದ್ರೂ ರಸ್ತೆ ಬದಿ ತೊರೆ ನೀರು ಕುಡಿಯುದು ಬೇಡ.

ಸಕಲೇಶಪುರ ಕಡೆ ಮಳೆಗಾಲದ ರಾತ್ರಿ ಚಳಿ ನಮ್ಮ ಕರಾವಳಿಯವರಿಗೆ ತಡೆಯುದಿಲ್ಲ. ಚಂಡಿ ಬಟ್ಟೆಯಲ್ಲಿ ರಾತ್ರಿ ಕಳೆದ್ರೆ ಜ್ವರ ಬಂದಂತೆ ಅನಿಸ್ತದೆ, ಮರುದಿನ ಗಾಡಿ ಓಡಿಸ್ಲಿಕ್ಕೆ ಮೈ ಕೇಳುದಿಲ್ಲ. ಒಂದು ಜೊತೆ ಒಣ ಬಟ್ಟೆ, ಕಾಲ್ಚೀಲ, ಕಂಬಳಿ, ಎಲ್ಲ ಎರಡು ಪ್ಲಾಸ್ಟಿಕ್ ಕವರ್ ಒಳಗೆ. ಪವರ್ ಬ್ಯಾಂಕ್ ಚಾರ್ಜ್ ಮಾಡಿ ಇಡಿ, ಟಾರ್ಚ್ ಬೇಕೇ ಬೇಕು. ನೆಟ್ ಇಲ್ಲದ ಕಡೆ ಗೂಗಲ್ ಪೇ ಕೆಲಸಕ್ಕೆ ಬಾರದು, ಅದಕ್ಕೆ ಸ್ವಲ್ಪ ಕ್ಯಾಶ್ ಡಬ್ಬಿಯಲ್ಲೇ ಇರ್ಲಿ. ನಿಮ್ಮ ನಂಬರ್ ಕಾಗದದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ, ಅವರ ಫೋನ್ ಸತ್ರೂ ಬೇರೆ ಡ್ರೈವರ್ ಫೋನಿಂದ ಮಾಡ್ಲಿಕ್ಕಾಗ್ತದೆ.

ಇನ್ನೊಂದು ಖಡಕ್ಕಾಗಿ ಹೇಳಿ, ಗ್ಲಾಸ್ ಏರಿಸಿ ಕ್ಯಾಬಿನ್ ಒಳಗೆ ಸ್ಟವ್ ಹಚ್ಚುದಾಗ್ಲಿ, ಇಂಜಿನ್ ಚಾಲೂ ಇಟ್ಟು ಮಲಗುದಾಗ್ಲಿ ಮಾಡ್ಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗ್ಲಿಕ್ಕಿಲ್ಲ. ಸೊಳ್ಳೆಗೆ ಕಾಯಿಲ್ ಬದಲು ಕಿಟಕಿಗೆ ಬಲೆ ಕಟ್ಟಿ, ಮಲೇರಿಯಾ ಅಂದ್ರೆ ಎಂತ ಅಂತ ಮಂಗಳೂರಿನವರಿಗೆ ಹೇಳ್ಬೇಕಾಗಿಲ್ಲ.

ಪ್ರಶ್ನೆ: ನಾನು ಹೆದ್ದಾರಿ 66ರಲ್ಲಿ ಕಾರವಾರ, ಗೋವಾ ಕಡೆ ಹೋಗುವವ, ಲಾರಿ ಲೈನಿಗೆ ಹೊಸಬ. ರಾತ್ರಿ ನಿಲ್ಲಿಸ್ಬೇಕಾಗಿ ಬಂದ್ರೆ ಎಲ್ಲಿ ನಿಲ್ಲಿಸುದು? ಬ್ಲಾಕ್ ತೆಗೆದ ಕೂಡ್ಲೆ ಹೊರಡು ಅಂತ ಓನರ್ ಫೋನ್ ಮಾಡ್ತಾರೆ, ನಿದ್ದೆಯೇ ಆಗಿರುದಿಲ್ಲ.
– ಓದುಗ, ಬ್ರಹ್ಮಾವರ

ಉತ್ತರ: ತಮ್ಮಾ, ನೀನು ಹೋಗುವ ದಾರಿಯಲ್ಲೇ ಅಂಕೋಲದ ಶಿರೂರು ಸಿಗ್ತದೆ. 2024ರ ಜುಲೈ 16ರ ಬೆಳಿಗ್ಗೆ ಅಲ್ಲಿ ಗುಡ್ಡ ಕುಸಿದು ರಸ್ತೆ ಬದಿಯ ಚಾ ಅಂಗಡಿ, ಅಲ್ಲಿ ನಿಂತಿದ್ದ ಗಾಡಿಗಳು ಎಲ್ಲ ಗಂಗಾವಳಿ ಹೊಳೆಗೆ ಹೋದವು, ಕೇರಳದ ಒಬ್ಬ ಲಾರಿ ಡ್ರೈವರ್ ಮತ್ತು ಅವರ ಲಾರಿ ಹೊಳೆಯಲ್ಲಿ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ. ಎಲ್ಲರೂ ನಿಲ್ಲಿಸುವ ಜಾಗ ಅಂದ ಮಾತ್ರಕ್ಕೆ ಅದು ಸೇಫ್ ಅಲ್ಲ. ನಿಲ್ಲಿಸುವ ಮೊದಲು ತಲೆ ಎತ್ತಿ ಗುಡ್ಡ ನೋಡು. ನೆಟ್ಟಗೆ ಕಡಿದ ಮಣ್ಣು, ವಾಲಿದ ಮರ, ಮಣ್ಣಿನ ಬಣ್ಣದ ನೀರು ಒಸರುವುದು ಕಂಡ್ರೆ ಒಂದು ನಿಮಿಷವೂ ಬೇಡ. ಸಮತಟ್ಟು ಜಾಗದ ಪೆಟ್ರೋಲ್ ಬಂಕ್, ಪೇಟೆ ಹತ್ರದ ಲಾರಿ ನಿಲ್ದಾಣ, ಟೋಲ್ ಗೇಟಿನ ಆಚೆ ಬೆಳಕಿರುವ ಜಾಗ, ಇವು ಒಳ್ಳೆದು. ತುರ್ತಿಗೆ 112, ಹೆದ್ದಾರಿ ತೊಂದ್ರೆಗೆ 1033, ಜಿಲ್ಲೆಯ ಕಂಟ್ರೋಲ್ ರೂಮಿಗೆ 1077.

ಓನರ್ ವಿಷಯದಲ್ಲಿ ನಾನು ನಿನ್ನ ಪಕ್ಷ. 2025ರ ನವೆಂಬರಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವ ತನಕ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ಮಾಮೂಲಿ ಕೆಲಸ ದಿನಕ್ಕೆ 8 ಗಂಟೆ ಇತ್ತು, ದೂರದ ರೂಟಿಗೆ 10ರ ತನಕ ಹೋಗ್ಬಹುದಿತ್ತು. ರಾತ್ರಿ ಇಡೀ ಕೂತ ಮನುಷ್ಯ ಬ್ಲಾಕ್ ತೆಗೆದ ತಕ್ಷಣ ಲೋಡ್ ಗಾಡಿ ಇಳಿಸಿದ್ರೆ ಎದುರಿನಿಂದ ಬರುವ ಬಸ್ಸಿನವರಿಗೂ ಅಪಾಯ. ಎರಡು ಗಂಟೆ ಮಲಗಿ ಹೊರಡ್ತೇನೆ ಅಂತ ಧೈರ್ಯವಾಗಿ ಹೇಳು, ಓನರುಗಳೂ ಇದನ್ನು ಓದ್ತಿದ್ರೆ ದಯವಿಟ್ಟು ಆ ಫೋನ್ ಮಾಡ್ಬೇಡಿ.

ಪ್ರಶ್ನೆ: ಗಾಡಿ ಘಾಟಿಯಲ್ಲಿ ನಿಂತೇ ಇ-ವೇ ಬಿಲ್ (ಸರಕು ಸಾಗಿಸ್ಲಿಕ್ಕೆ ಬೇಕಾದ ಜಿಎಸ್‌ಟಿ ಆನ್‌ಲೈನ್ ದಾಖಲೆ) ಅವಧಿ ಮುಗಿದ್ರೆ?
– ಟ್ರಾನ್ಸ್‌ಪೋರ್ಟ್ ಆಫೀಸಿನವರು, ಉಡುಪಿ

ಉತ್ತರ: ಮಾಮೂಲಿ ಲೋಡಿಗೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಅವಧಿ ಮುಗಿಯುದಕ್ಕೆ ಮೊದಲಿನ 8 ಗಂಟೆಯಲ್ಲಿ, ಇಲ್ಲ ಮುಗಿದ 8 ಗಂಟೆ ಒಳಗೆ ಪೋರ್ಟಲಲ್ಲಿ ವಿಸ್ತರಣೆ ಮಾಡ್ಬಹುದು, ಕಾರಣದಲ್ಲಿ ನೈಸರ್ಗಿಕ ವಿಕೋಪ ಅಂತ ಆಯ್ಕೆ ಉಂಟು. ಇದು ಆಫೀಸಲ್ಲಿ ಕೂತವರ ಕೆಲಸ, ಡ್ರೈವರ್ ಫೋನಿಗೆ ಕಾಯುದು ಬೇಡ, ಶಿರಾಡಿ ಬಂದ್ ಅಂತ ಸುದ್ದಿ ಬಂದ ಕೂಡ್ಲೆ ಯಾವ ಗಾಡಿ ಎಲ್ಲಿ ಉಂಟು ನೋಡಿ ಟೈಮ್ ಬರೆದಿಟ್ಟುಕೊಳ್ಳಿ. ವಿಸ್ತರಿಸಿದ ಬಿಲ್ಲನ್ನು ವಾಟ್ಸಾಪಲ್ಲಿ ಕಳಿಸಿ, ಜೊತೆಗೆ ಬಿಲ್ಲಿನ ನಂಬರನ್ನು ಎಸ್ಸೆಮ್ಮೆಸ್ಸಲ್ಲೂ ಹಾಕಿ, ನೆಟ್ ಇಲ್ಲದಲ್ಲಿ ಅದೇ ಮೊದಲು ತಲುಪುದು.